ಲೆಕ್ಕದ ಟೀಚರ್‌ಗೆ ಕೇಳಿ: ಪೆನ್ನು ಎತ್ತುವ ಮುಂಚೆ ಒಂದ್ಸಲ ನೋಡಿ

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದೆ. ಅರ್ಧಕ್ಕಿಂತ ಜಾಸ್ತಿ ಸಿಸ್ಯಾಟ್ ಬಗ್ಗೆಯೇ ಇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಐಎಎಸ್‌ನಂಥ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯ ಮೊದಲ ಹಂತ, ಅಂದರೆ ಪ್ರಿಲಿಮ್ಸ್‌ನ ಎರಡನೇ ಪೇಪರ್. 80 ಪ್ರಶ್ನೆ, 2 ಗಂಟೆ, 200 ಅಂಕ. 2011ರಲ್ಲಿ ಶುರುವಾಯಿತು. 2015ರಿಂದ ಅದರಲ್ಲಿ ಶೇಕಡಾ 33, ಅಂದರೆ 66 ಅಂಕ ಬಂದರೆ ಸಾಕು, ರ‍್ಯಾಂಕಿಗೆ ಸೇರುವುದಿಲ್ಲ. ಈ "ಸಾಕು" ಅನ್ನೋ ಪದವನ್ನು ನಂಬಿ ಕೆಟ್ಟವರು ಕೋಚಿಂಗ್ ಸೆಂಟರ್‌ಗಳೇ ತುಂಬಿರುವ ಧಾರವಾಡದ ಸಪ್ತಾಪುರದಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಸಂಜೆ ಹೊತ್ತು ನನ್ನ ಮನೆಯ ವರಾಂಡದಲ್ಲಿ ಲೆಕ್ಕ ಕಲಿಯೋಕೆ ಬರುವವರಲ್ಲಿ ಅವರೇ ಹೆಚ್ಚು.

ಪ್ರಶ್ನೆ: ನಾನು ಬಿ.ಎ. ಓದಿದವನು. ಎರಡು ಸಲ ಪ್ರಿಲಿಮ್ಸ್ ಬರೆದೆ, ಎರಡೂ ಸಲ ಸಿಸ್ಯಾಟ್‌ನಲ್ಲೇ ಹೋಯಿತು. ಈಗ ದಿನಕ್ಕೆ 100 ಲೆಕ್ಕ ಮಾಡುತ್ತಿದ್ದೇನೆ. ಶಾರ್ಟ್‌ಕಟ್ ವಿಡಿಯೋ ನೋಡಿ ಮೂರು ನೋಟ್‌ಬುಕ್ ತುಂಬಿಸಿದ್ದೇನೆ. ಆದರೂ ಮಾಕ್ ಟೆಸ್ಟ್‌ನಲ್ಲಿ 52, 58 ಇಷ್ಟೇ. ನಂಬರ್ ಸಿಸ್ಟಮ್ ಪ್ರಶ್ನೆ ಕಂಡರೆ ಕೈ ನಡುಗುತ್ತದೆ. ಇನ್ನೂ ಎಷ್ಟು ಲೆಕ್ಕ ಮಾಡಬೇಕು? (ಗದಗ ಜಿಲ್ಲೆಯ ಓದುಗ)

ಉತ್ತರ: ಇನ್ನೂ ಮಾಡಬೇಡಿ. ಕಡಿಮೆ ಮಾಡಿ.

2023ರ ಪೇಪರ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು. 85 × 87 × 89 × 91 × 95 × 96, ಇದನ್ನು 100ರಿಂದ ಭಾಗಿಸಿದರೆ ಶೇಷ ಎಷ್ಟು? ನನ್ನ ವರಾಂಡದಲ್ಲಿ ಈ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದೆ. ಒಬ್ಬ ಹುಡುಗ ನಾನು ಚಾಕ್‌ಪೀಸ್ ಕೆಳಗಿಡುವ ಮುಂಚೆಯೇ 85ನ್ನು 87ರಿಂದ ಗುಣಿಸೋಕೆ ಶುರು ಮಾಡಿದ. 7,395 ಬಂತು. ಅದನ್ನು 89ರಿಂದ ಗುಣಿಸಿದ. ಆಮೇಲೆ ಒಂದು ಹಾಳೆ ಮುಗಿದು ಇನ್ನೊಂದು ಹಾಳೆಗೆ ಹೋದ. ಪಕ್ಕದಲ್ಲಿ ಕೂತಿದ್ದ ಹುಡುಗಿ ಏನೂ ಬರೆಯಲಿಲ್ಲ. ಅರ್ಧ ನಿಮಿಷ ಬೋರ್ಡನ್ನೇ ನೋಡಿದಳು. "ಸೊನ್ನೆ ಅಲ್ವಾ ಟೀಚರ್?" ಅಂದಳು.

ಅವಳು ಕಂಡಿದ್ದು ಇಷ್ಟೇ. 85ರ ಹೊಟ್ಟೆಯಲ್ಲಿ ಒಂದು 5 ಇದೆ. 95ರಲ್ಲಿ ಇನ್ನೊಂದು 5 ಇದೆ. 96ರಲ್ಲಿ 4 ಇದೆ. ಐದೈದ್ಲಿ ಇಪ್ಪತ್ತೈದು, ಅದನ್ನು ನಾಲ್ಕರಿಂದ ಗುಣಿಸಿದರೆ ನೂರು. ಮಿಕ್ಕಿದ್ದು ಏನಾದರೂ ಇರಲಿ, ಇಡೀ ಗುಣಲಬ್ಧ 100ರ ಮಗ್ಗಿಯಲ್ಲೇ ಬರುತ್ತದೆ. ಶೇಷ 0.

ಆ ಹುಡುಗನಿಗೆ ಗುಣಾಕಾರ ಬರಲ್ಲ ಅಂತಲ್ಲ. ಹುಡುಗಿಗಿಂತ ಬೇಗ ಗುಣಿಸುತ್ತಾನೆ. ಅವನ ಕೈ ತಲೆಗಿಂತ ಮುಂದೆ ಓಡುತ್ತದೆ, ಅಷ್ಟೇ. ದಿನಕ್ಕೆ 100 ಲೆಕ್ಕ ಮಾಡಿದರೆ ಆಗುವುದೂ ಅದೇ. ಕೈ ಚುರುಕಾಗುತ್ತದೆ, ಕಣ್ಣು ಕುರುಡಾಗುತ್ತದೆ.

ಅದೇ ಪೇಪರ್‌ನಲ್ಲಿ ಇನ್ನೊಂದು: 57242ರ ಘಾತ 9 × 7 × 5 × 3 × 1 ಆದರೆ ಬಿಡಿಸ್ಥಾನದ ಅಂಕಿ ಯಾವುದು? ನೋಡಿದರೆ ದೆವ್ವದ ಹಾಗಿದೆ. ಆದರೆ ಬಿಡಿಸ್ಥಾನಕ್ಕೆ ಆ 5724 ಏನೂ ಮಾಡಲ್ಲ, ಕೊನೆಯ 2 ಮಾತ್ರ ಮುಖ್ಯ. 2ರ ಘಾತಗಳು 2, 4, 8, 6 ಅಂತ ಮುಗಿದು ಮತ್ತೆ 2ಕ್ಕೆ ಬರುತ್ತವೆ. ನಾಲ್ಕು ಹೆಜ್ಜೆಗೆ ಒಂದು ಸುತ್ತು. ಘಾತ 945. ಅದನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂದರೆ ಸುತ್ತಿನ ಮೊದಲನೇದು, 2. ಇದನ್ನು ನೀವು ವಿಡಿಯೋದಲ್ಲಿ "ಸೈಕ್ಲಿಸಿಟಿ ಟ್ರಿಕ್" ಅಂತ ಬರೆದುಕೊಂಡಿರುತ್ತೀರಿ. ಟ್ರಿಕ್ ಅಂತ ಬರೆದುಕೊಂಡರೆ ಮರೆಯುತ್ತೆ. ಒಂದು ಸಲ ಕೂತು 2ರಿಂದ 9ರವರೆಗೆ ಎಲ್ಲವುಗಳ ಸುತ್ತನ್ನು ನೀವೇ ಬರೆದು ನೋಡಿ. ಹತ್ತು ನಿಮಿಷದ ಕೆಲಸ. 5 ಮತ್ತು 6 ಜಾಗ ಬಿಟ್ಟು ಕದಲುವುದೇ ಇಲ್ಲ, 4 ಮತ್ತು 9 ಎರಡೇ ಹೆಜ್ಜೆ ಹಾಕುತ್ತವೆ. ಸ್ವಂತ ಕಣ್ಣಲ್ಲಿ ಕಂಡಿದ್ದು ಪರೀಕ್ಷೆ ದಿನ ಕೈಕೊಡಲ್ಲ.

ಈಗ ಅಭ್ಯಾಸದ ವಿಚಾರ. ದಿನಕ್ಕೆ 20 ಲೆಕ್ಕ ಸಾಕು. ಪ್ರತಿ ಲೆಕ್ಕಕ್ಕೂ ಮೊದಲ 15 ಸೆಕೆಂಡ್ ಪೆನ್ನನ್ನು ಮೇಜಿನ ಮೇಲೇ ಬಿಡಿ. ತಪ್ಪಾದ ಲೆಕ್ಕದ ಉತ್ತರವನ್ನು ಆವತ್ತೇ ನೋಡಬೇಡಿ. ಮಾರನೇ ದಿನ ಅದನ್ನೇ ಹೊಸದಾಗಿ ಮಾಡಿ. ಆಗಲೂ ಆಗದಿದ್ದರೆ ನೋಡಿ. ತಪ್ಪಾದ್ದಕ್ಕೆ ಒಂದು ಬೇರೆ ನೋಟ್‌ಬುಕ್ ಇಡಿ. ಅದರಲ್ಲಿ ಲೆಕ್ಕ ಬರೆಯಬೇಡಿ, ಯಾಕೆ ತಪ್ಪಾಯಿತು ಅನ್ನೋದನ್ನು ಒಂದು ಸಾಲಿನಲ್ಲಿ ಬರೆಯಿರಿ. "ಶೇಷ ಕೇಳಿದ್ದರು, ಭಾಗಲಬ್ಧ ಬರೆದೆ." "0 ಲೆಕ್ಕಕ್ಕೆ ಹಿಡಿಯಲಿಲ್ಲ." ಹೀಗೆ. ತಿಂಗಳಾದ ಮೇಲೆ ಓದಿದರೆ ನಿಮಗೇ ನಗು ಬರುತ್ತೆ, ನಾಲ್ಕೈದೇ ತಪ್ಪುಗಳು ವೇಷ ಬದಲಿಸಿ ಬಂದಿರುತ್ತವೆ.

ನನ್ನದೊಂದು ಹೇಳಿಬಿಡುತ್ತೇನೆ. 22ರ ವಯಸ್ಸಿನಲ್ಲಿ ಒಂದು ಬ್ಯಾಂಕಿನ ಕ್ಲರ್ಕ್ ಪರೀಕ್ಷೆ ಬರೆದೆ. 999 × 47 + 47 ಎಷ್ಟು ಅಂತ ಕೇಳಿದ್ದರು. ನಾನು, ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು, ಕೂತು ಗುಣಿಸಿದೆ. 46,953 ಸರಿಯಾಗೇ ಬಂತು. 47 ಕೂಡಿಸುವಾಗ ದಶಕ ಮರೆತೆ. 46,990 ಅಂತ ಬರೆದೆ. ಆಯ್ಕೆಗಳಲ್ಲಿ ಅದೂ ಇತ್ತು! ನನ್ನಂಥವರಿಗೆ ಅಂತಲೇ ಇಟ್ಟಿರುತ್ತಾರೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಹೊಳೆಯಿತು: 999 ಸಲ 47, ಜೊತೆಗೆ ಇನ್ನೊಂದು 47. ಸಾವಿರ ಸಲ 47 ಅಲ್ವಾ? 47,000. ಮೂವತ್ತೊಂದು ವರ್ಷ ಮೇಷ್ಟ್ರ ಕೆಲಸ ಮಾಡಿದ್ದಕ್ಕೆ ಕೂಡಿಸುವಾಗ ಮರೆತ ಆ ದಶಕವೂ ಒಂದು ಕಾರಣ.

ಪ್ರಶ್ನೆ: ನಾನು ಏಳನೇ ಕ್ಲಾಸಿನಿಂದ ಡಿಗ್ರಿಯವರೆಗೂ ಕನ್ನಡ ಮಾಧ್ಯಮ. ಪೇಪರ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತೆ. ಲೆಕ್ಕ ಗೊತ್ತಿದ್ದರೂ ಪ್ರಶ್ನೆ ಅರ್ಥವಾಗಲ್ಲ. ಏನು ಮಾಡಲಿ? (ಹಾವೇರಿಯ ಓದುಗಿ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಮೇನ್ಸ್ ಅನ್ನು ಕನ್ನಡದಲ್ಲಿ ಬರೆಯಬಹುದು, ಅಲ್ಲಿಗೆ ಹೋಗುವ ಬಾಗಿಲಲ್ಲಿ ಮಾತ್ರ ಕನ್ನಡ ಇಲ್ಲ. ಅದು ಬದಲಾಗಲಿ ಅಂತ ಕೇಳುತ್ತಲೇ ಇರೋಣ. ಅಷ್ಟರೊಳಗೆ ನಿಮ್ಮ ಪರೀಕ್ಷೆ ಬಂದುಬಿಡುತ್ತದಲ್ಲ.

ಸಂಖ್ಯೆಗಳ ಭಾಗಕ್ಕೆ ಬೇಕಾದ ಇಂಗ್ಲಿಷ್ ಪದಗಳು ಮೂವತ್ತು ದಾಟಲ್ಲ. ಫ್ಯಾಕ್ಟರ್ ಅಂದರೆ ಅಪವರ್ತನ. ಮಲ್ಟಿಪಲ್ ಅಂದರೆ ಅಪವರ್ತ್ಯ. ನಮ್ಮ ಕನ್ನಡ ಪದಗಳೇ ಎಷ್ಟು ಹತ್ತಿರ ಇವೆ ನೋಡಿ! ಲ.ಸಾ.ಅ., ಮ.ಸಾ.ಅ. ಅಂತ ಬಾಯಿಪಾಠ ಮಾಡಿದ ನಾವು ಎರಡೂ "ಅ" ಒಂದೇ ಅಂದುಕೊಂಡಿರುತ್ತೇವೆ. ಅಲ್ಲ. ಲಘುತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ. 12ರ ಅಪವರ್ತನಗಳು 1, 2, 3, 4, 6, 12, ಅಲ್ಲಿಗೆ ಮುಗಿಯಿತು. 12ರ ಅಪವರ್ತ್ಯಗಳು 12, 24, 36 ಅಂತ ಹೋಗುತ್ತಲೇ ಇರುತ್ತವೆ. ಇದೊಂದು ಸ್ಪಷ್ಟವಾದರೆ ಅರ್ಧ ಗೊಂದಲ ಕಳೆಯುತ್ತೆ.

ಇಂಟಿಜರ್ ಅಂದರೆ ಪೂರ್ಣಾಂಕ, ಅದರಲ್ಲಿ ಋಣ ಸಂಖ್ಯೆಗಳೂ ಸೇರಿವೆ. ನ್ಯಾಚುರಲ್ ನಂಬರ್ ಅಂದರೆ ಸ್ವಾಭಾವಿಕ ಸಂಖ್ಯೆ, 1ರಿಂದ ಶುರು. ಹೋಲ್ ನಂಬರ್‌ನಲ್ಲಿ 0 ಕೂಡ ಇದೆ. ನಿಜವಾಗಿ ಕಾಲು ಜಾರಿಸುವುದು ಗಣಿತದ ಪದಗಳಲ್ಲ, ಪುಟ್ಟ ಪದಗಳು. "ಡಿಸ್ಟಿಂಕ್ಟ್" ಅಂತ ಇದ್ದರೆ ಒಂದೇ ಅಂಕಿ ಎರಡು ಸಲ ಬರುವಂತಿಲ್ಲ. "ಅಟ್ ಲೀಸ್ಟ್ 5" ಅಂದರೆ 5 ಅಥವಾ ಅದಕ್ಕಿಂತ ಜಾಸ್ತಿ. "ಕನ್ಸೆಕ್ಯುಟಿವ್" ಅಂದರೆ ಒಂದರ ಹಿಂದೆ ಒಂದು. ಹಳೇ ಪೇಪರ್ ತೆಗೆದು, ಲೆಕ್ಕ ಮಾಡದೆ, ಸುಮ್ನೆ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ಬರೆಯಿರಿ. ಒಂದು ವಾರ ಬೇರೇನೂ ಬೇಡ.

ಪ್ರಶ್ನೆ: ಸೊನ್ನೆ ಸಮ ಸಂಖ್ಯೆಯೇ? 1 ಅವಿಭಾಜ್ಯವೇ? ನಮ್ಮ ಹಾಸ್ಟೆಲ್‌ನಲ್ಲಿ ಜಗಳವೇ ಆಗಿದೆ. (ನಾಲ್ವರು ಗೆಳೆಯರು, ವಿಜಯನಗರ, ಬೆಂಗಳೂರು)

ಉತ್ತರ: ಸೊನ್ನೆ ಸಮ. 2ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ, ಮುಗಿಯಿತು. 1 ಅವಿಭಾಜ್ಯ ಅಲ್ಲ. ಅವಿಭಾಜ್ಯಕ್ಕೆ ಸರಿಯಾಗಿ ಎರಡು ಅಪವರ್ತನ ಬೇಕು, 1ಕ್ಕೆ ಇರುವುದು ಒಂದೇ. ಸೋತವರು ಚಹಾ ಕೊಡಿಸಿ.

ಈ ಜಗಳ ಸಣ್ಣದಲ್ಲ ಬಿಡಿ, ಇಲ್ಲೇ ಅಂಕ ಹೋಗೋದು. ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ 39, ಗುಣಲಬ್ಧ ಎಷ್ಟು? ಮೊತ್ತ ಬೆಸ. ಅಂದರೆ ಒಂದು ಸಮ, ಒಂದು ಬೆಸ. ಸಮವಾಗಿರುವ ಅವಿಭಾಜ್ಯ ಒಂದೇ ಒಂದು, 2. ಇನ್ನೊಂದು 37. ಉತ್ತರ 74. ಹುಡುಕಾಟವೇ ಇಲ್ಲ.

ಇನ್ನೊಂದನ್ನು ಜಗಳಕ್ಕೆ ಇಟ್ಟುಕೊಳ್ಳಿ. ಒಂದು ಸಂಖ್ಯೆಯ ಮೂರು ಪಟ್ಟು ಸಮ ಸಂಖ್ಯೆ. ಹಾಗಾದರೆ ಆ ಸಂಖ್ಯೆ ಸಮವೇ? "ಹೌದು" ಅನ್ನುತ್ತೀರಿ. ಅದು ಪೂರ್ಣಾಂಕ ಅಂತ ನಿಮಗೆ ಯಾರು ಹೇಳಿದರು? ಮೂರರಲ್ಲಿ ಎರಡು ಭಾಗ, ಅಂದರೆ 2/3 ತಗೊಳ್ಳಿ. ಮೂರು ಪಟ್ಟು ಮಾಡಿದರೆ 2 ಬರುತ್ತೆ. ದತ್ತಾಂಶ ಸಾಕೇ ಸಾಲದೇ ಅಂತ ಕೇಳುವ ಪ್ರಶ್ನೆಗಳಲ್ಲಿ 0, 1, ಒಂದು ಋಣ ಸಂಖ್ಯೆ, ಒಂದು ಭಿನ್ನರಾಶಿ, ಈ ನಾಲ್ಕನ್ನೂ ಹಾಕಿ ನೋಡದೆ ಉತ್ತರ ತುಂಬಬೇಡಿ.

ಪ್ರಶ್ನೆ: ನನಗೆ 34 ವರ್ಷ, ಇಬ್ಬರು ಮಕ್ಕಳು. ಮಗ್ಗಿ ಎಲ್ಲ ಮರೆತುಹೋಗಿದೆ. ಶೇಕಡಾ ಲೆಕ್ಕ ಮಾಡಲು ಬಹಳ ಹೊತ್ತು ಹಿಡಿಯುತ್ತದೆ. (ಶಿವಮೊಗ್ಗದ ಓದುಗಿ)

ಉತ್ತರ: ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದಳು. "ಮುಕ್ಕಾಲು ಹದಿನೆಂಟು?" ಅಂದರೆ ತಕ್ಕಡಿಯಿಂದ ಕಣ್ಣು ತೆಗೆಯದೆ "ಹದಿಮೂರೂವರೆ" ಅನ್ನುತ್ತಿದ್ದಳು. ಕಾಲು, ಅರೆ, ಮುಕ್ಕಾಲರ ಮಗ್ಗಿ ಅವಳಿಗೆ ಬಾಯಲ್ಲೇ ಇತ್ತು. ನಿಮಗೆ ಬೇಕಾಗಿರುವುದು ಅದೇ. ಶೇಕಡಾ 25 ಅಂದರೆ ಕಾಲು. ಹನ್ನೆರಡೂವರೆ ಅಂದರೆ ಅರೆಕಾಲು, ಎಂಟರಲ್ಲೊಂದು. ಆರೂಕಾಲು ಅಂದರೆ ವೀಸ, ಹದಿನಾರರಲ್ಲೊಂದು. 640ರ ಶೇಕಡಾ ಮೂವತ್ತೇಳೂವರೆ ಎಷ್ಟು? ಅರೆಕಾಲು 80, ಅಂಥವು ಮೂರು, 240. ಪೆನ್ನು ಬೇಕೇ?

ಶೇಕಡಾವನ್ನು ತಿರುಗಿಸಿ ಹಾಕಲೂಬಹುದು. 25ರ ಶೇಕಡಾ 36 ಅಂತ ಕೇಳಿದರೆ 36ರ ಶೇಕಡಾ 25 ಮಾಡಿ. 9. ಎರಡೂ ಒಂದೇ.

ಮಗ್ಗಿಯನ್ನು ಮಕ್ಕಳ ಜೊತೆ ಹೇಳಿ. 20ರವರೆಗೆ ಮಗ್ಗಿ, 30ರವರೆಗೆ ವರ್ಗ. ಅನ್ನ ಬೇಯುವಷ್ಟು ಹೊತ್ತು ದಿನಾ ಸಾಕು. ನಾನು ಸಂಜೆ ವಾಕಿಂಗ್‌ನಲ್ಲಿ ಗಾಡಿಗಳ ನಂಬರ್ ಒಡೆಯುತ್ತೇನೆ, ಹುಚ್ಚು ಅನ್ನಿ. ಮೊನ್ನೆ ಒಂದು ಕೆಎ 25 ಸ್ಕೂಟರ್ ಎದುರಿಗೆ ನಿಂತಿತ್ತು, 2873. 1001 ಅಂದರೆ 7 × 11 × 13 ಅನ್ನೋದು ನೆನಪಿದ್ದರೆ ಅದರ ಎರಡರಷ್ಟು, 2002, ಕಳೆಯಬಹುದು. 871 ಉಳಿಯಿತು. ಅದು 13 × 67. ಹಾಗಾದರೆ 2873ರಲ್ಲೂ 13 ಇದೆ. ಭಾಗಿಸಿದರೆ 221. ಅದು ಮತ್ತೆ 13 × 17! ನಿಂತು ನಗುತ್ತಿದ್ದೆ. ಸ್ಕೂಟರ್‌ನವರು "ಏನ್ರೀ ಅಕ್ಕಾರೆ, ಪಂಕ್ಚರ್ ಆಗೇತೇನು?" ಅಂದರು.

ಪ್ರಶ್ನೆ: ಎಷ್ಟು ಪ್ರಶ್ನೆ ಮುಟ್ಟಿದರೆ ಸೇಫ್? (ಬಳ್ಳಾರಿಯ ಓದುಗ)

ಉತ್ತರ: ಇದೂ ಲೆಕ್ಕವೇ, ನೀವೇ ಮಾಡಬೇಕಿತ್ತು. ಸರಿ ಉತ್ತರಕ್ಕೆ ಎರಡೂವರೆ ಅಂಕ. ತಪ್ಪಿಗೆ ಅದರ ಮೂರನೇ ಒಂದು ಭಾಗ ಹೋಗುತ್ತೆ. ಬೇಕಾಗಿರುವುದು 66. ಒಂದೂ ತಪ್ಪಿಲ್ಲದಿದ್ದರೆ 27 ಸರಿ ಸಾಕು. 40 ಮುಟ್ಟಿ 30 ಸರಿಯಾದರೆ 75ರಲ್ಲಿ 8.33 ಹೋಗಿ 66.67, ಕೂದಲೆಳೆಯಲ್ಲಿ ಪಾಸ್. ಅದೇ 40ರಲ್ಲಿ 29 ಸರಿ, 11 ತಪ್ಪಾದರೆ 63.33, ಫೇಲ್. ಒಂದೇ ಒಂದು ಪ್ರಶ್ನೆ ಆ ಕಡೆಯಿಂದ ಈ ಕಡೆಗೆ ಬಂದದ್ದಕ್ಕೆ! ಹಾಗಾಗಿ 80ಕ್ಕೆ 80 ಮುಟ್ಟುವ ಆಸೆ ಬಿಡಿ. ಮಾಕ್ ಟೆಸ್ಟ್‌ನಲ್ಲಿ ನಿಮಗೆ ಎಷ್ಟಕ್ಕೆ ಎಷ್ಟು ತಪ್ಪಾಗುತ್ತೆ ನೋಡಿ, ಅದರ ಮೇಲೆ ನಿರ್ಧರಿಸಿ.

ಪ್ರಶ್ನೆ: ನಾನು ವಿದೇಶದಲ್ಲಿ ಎಂ.ಎಸ್. ಓದಲು ಬರೆಯುವ ಜಿಆರ್‌ಇ ಪರೀಕ್ಷೆ ಬರೆಯುತ್ತಿದ್ದೇನೆ. ಅಲ್ಲಿ ಕಂಪ್ಯೂಟರ್ ಪರದೆಯಲ್ಲೇ ಕ್ಯಾಲ್ಕುಲೇಟರ್ ಕೊಡುತ್ತಾರೆ. ಆದರೂ ಇದೆಲ್ಲ ಬೇಕಾ? (ಮೈಸೂರಿನ ಎಂಜಿನಿಯರ್)

ಉತ್ತರ: ಆ ಕ್ಯಾಲ್ಕುಲೇಟರ್ 8 ಅಂಕಿ ದಾಟಿದರೆ ಕೈ ಎತ್ತುತ್ತದೆ. ನಿಮಗೆ ಅಲ್ಲಿ ಲೆಕ್ಕದ 27 ಪ್ರಶ್ನೆಗೆ 47 ನಿಮಿಷ. ಮೇಲಿನ 2/3 ಕಥೆಯನ್ನು ಯಾವ ಕ್ಯಾಲ್ಕುಲೇಟರೂ ನಿಮಗೆ ನೆನಪಿಸಲ್ಲ. ಬೇಕು.

ಪ್ರಶ್ನೆ: ಹೋದ ತಿಂಗಳ ಲೆಕ್ಕಕ್ಕೆ ಉತ್ತರ 301. ನಾನು 7ರ ಮಗ್ಗಿಯನ್ನು 43ರವರೆಗೆ ಹೇಳಿಕೊಂಡು ಹೋಗಿ ಕಂಡುಹಿಡಿದೆ. ನನಗೆ 71 ವರ್ಷ, ಯಾವ ಪರೀಕ್ಷೆಯೂ ಇಲ್ಲ. (ಶಿರಸಿಯ ಓದುಗರು)

ಉತ್ತರ: ಉತ್ತರ ಸರಿ, ನಮಸ್ಕಾರ. ಲೆಕ್ಕ ಇದಾಗಿತ್ತು: ಬುಟ್ಟಿಯ ಮೊಟ್ಟೆಗಳನ್ನು 2, 3, 4, 5, 6ರಂತೆ ಹೇಗೆ ಎಣಿಸಿದರೂ 1 ಉಳಿಯುತ್ತೆ, 7ರಂತೆ ಎಣಿಸಿದರೆ ಏನೂ ಉಳಿಯಲ್ಲ, ಕಡಿಮೆ ಅಂದರೆ ಎಷ್ಟು ಮೊಟ್ಟೆ? 43 ಹೆಜ್ಜೆ ನಡೆದಿದ್ದೀರಿ, ಆರೋಗ್ಯಕ್ಕೆ ಒಳ್ಳೇದು. 2ರಿಂದ 6ರ ಲ.ಸಾ.ಅ. 60. ಹಾಗಾಗಿ ಉತ್ತರ 61, 121, 181, 241, 301, ಇವುಗಳಲ್ಲೇ ಇರಬೇಕು. ಐದನೇ ಹೆಜ್ಜೆಗೆ ಮನೆ.

ಮುಂದಿನ ತಿಂಗಳಿಗೆ ಇದು: 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನೂ ಒಂದಕ್ಕೊಂದು ಗುಣಿಸಿದರೆ, ಬರುವ ಸಂಖ್ಯೆಯ ಕೊನೆಯಲ್ಲಿ ಎಷ್ಟು ಸೊನ್ನೆ? ಗದಗದ ಓದುಗರೇ, ನೀವೂ ಬರೆಯಿರಿ. 25 ಎದುರಾದಾಗ ಎರಡು ಸಲ ನೋಡಿ.