ಜಿಯೋಥರ್ಮಲ್ ಬಾವಿ ಸಿಮೆಂಟಿಗೆ ಎಷ್ಟು ಸ್ಟ್ರೆಂತ್ ಬೇಕು?

ಭೂಮಿಯೊಳಗಿನ ಬಿಸಿ ತೆಗೆಯೋಕೆ ಕೊರೆಯೋ ಜಿಯೋಥರ್ಮಲ್ ಬಾವೀಲಿ ಕೇಸಿಂಗ್ ಪೈಪ್ (ಬಾವಿ ಗೋಡೆ ಕುಸೀದಂಗೆ ಇಳಿಸೋ ಸ್ಟೀಲ್ ಪೈಪು) ಸುತ್ತ ತುಂಬೋ ಸಿಮೆಂಟ್ ಎಷ್ಟು ಸ್ಟ್ರಾಂಗ್ ಇರ್ಬೇಕು, ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ ಅಂತ ಕೇಳಿದೀರಿ. ನಾನು ಕೆಲವು ವರ್ಷ ಬಾವಿ ಸಿಮೆಂಟ್ ಟೆಸ್ಟ್ ಮಾಡೋ ಲ್ಯಾಬಲ್ಲಿದ್ದೆ. ಮೊದಲ ದಿನದ ನಂಬರ್ ನೋಡಿ ದಯವಿಟ್ಟು ನಂಬ್ಬೇಡಿ, ಬಿಸೀಲಿ ಬೆಂದ ಮೇಲೆ ಎಷ್ಟು ಉಳಿಯುತ್ತೆ ಅನ್ನೋದೇ ಮುಖ್ಯ.

ಒಡೆಯದೆ ತಡೆಯೋ ಒತ್ತಡದ ಲೆಕ್ಕದಲ್ಲಿ ಸಾಮಾನ್ಯವಾಗಿ ಹೇಳೋ ಕನಿಷ್ಠ ಮಿತಿ 1000 ಪಿಎಸ್‌ಐ, ಸುಮಾರು 7 ಮೆಗಾಪಾಸ್ಕಲ್. ಮನೆ ಕಟ್ಟೋ ಕಾಂಕ್ರೀಟಿಗಿಂತ ಕಮ್ಮಿನೇ. ಇಷ್ಟೇನಾ ಅನ್ಸುತ್ತೆ, ಆದ್ರೆ ಅದನ್ನ ಉಳಿಸ್ಕೊಳ್ಳೋದೇ ಕಷ್ಟ. ಬರೀ ಪೋರ್ಟ್‌ಲ್ಯಾಂಡ್ ಸಿಮೆಂಟು, ಎಣ್ಣೆಬಾವಿಗೆ ಹಾಕೋ ಕ್ಲಾಸ್ ಜಿ ಆದ್ರೂ ಅಷ್ಟೇ, ಸುಮಾರು 110 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಅದನ್ನ ಹಿಡಿದಿಟ್ಟಿರೋ ಕ್ಯಾಲ್ಸಿಯಂ ಸಿಲಿಕೇಟ್ ಜೆಲ್ ಬೇರೆ ಥರದ ಹರಳಾಗಿ ಕುಗ್ಗುತ್ತೆ, ಒಳಗೆಲ್ಲಾ ಸಣ್ಣ ಸಣ್ಣ ತೂತು ಬೀಳುತ್ತೆ, ಮೊದಲು ಚೆನ್ನಾಗಿ ಏರಿದ ಸ್ಟ್ರೆಂತ್ ಆಮೇಲೆ ಇಳೀತಾ ಹೋಗುತ್ತೆ. ಆಟೋಕ್ಲೇವಲ್ಲಿ (ಬಿಸಿ, ಒತ್ತಡ ಎರಡೂ ಕೊಡೋ ಮುಚ್ಚಿದ ಪಾತ್ರೆ) ವಾರಗಟ್ಟಲೆ ಇಟ್ಟ ಎರಡಿಂಚಿನ ಸಿಮೆಂಟ್ ಕ್ಯೂಬ್ ತೆಗೆದು ಒಣಗಿಸಿ ಮೇಲೊಂದು ಹನಿ ನೀರು ಬಿಟ್ರೆ ಸರ್ರಂತ ಹೀರ್ಕೊಂಡುಬಿಡ್ತಿತ್ತು, ನೋಡೋಕೆ ಮಾತ್ರ ಕಲ್ಲಿನ ಥರಾನೇ ಇರ್ತಿತ್ತು!

ಇದಕ್ಕೆ ಮದ್ದು ಸಿಲಿಕಾ ಪುಡಿ, ಸಿಮೆಂಟಿನ ತೂಕದ 35ರಿಂದ 40 ಪರ್ಸೆಂಟ್. ಆಗ ಟೋಬರ್ಮೊರೈಟ್, ಇನ್ನೂ ಬಿಸಿಯಾದ್ರೆ ಝೋನೊಟ್ಲೈಟ್ ಅನ್ನೋ ಹರಳು ಬೆಳೆದು ಸ್ಟ್ರೆಂತ್ ನಿಲ್ಲುತ್ತೆ. ಆದ್ರೆ ಬಾವೀಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ರೆ ಇದೇ ಸಿಲಿಕಾ ಮುಳುವಾಗುತ್ತೆ, ಅನಿಲ ಅಂಥ ಸಿಮೆಂಟನ್ನ ಬೇಗ ತಿನ್ನುತ್ತೆ. ಅದಕ್ಕೇ ಅಂಥ ಕಡೆ ಸಿಲಿಕಾ 20 ಪರ್ಸೆಂಟ್ ಆಸುಪಾಸಿಗೆ ಇಳಿಸ್ತಾರೆ, ಇಲ್ಲಾಂದ್ರೆ ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಲ್ಲಿ ರೂಪಿಸಿದ ಕ್ಯಾಲ್ಸಿಯಂ ಅಲ್ಯುಮಿನೇಟ್ ಫಾಸ್ಫೇಟ್ ಸಿಮೆಂಟ್ ಹಾಕ್ತಾರೆ.

ಇನ್ನು ಜಾಸ್ತಿ ಇದ್ದಷ್ಟೂ ಒಳ್ಳೇದಾ ಅನ್ನೋದು. ಅಲ್ಲ. 1000 ಮೀಟರ್ ಸ್ಟೀಲ್ ಪೈಪು 200 ಡಿಗ್ರಿ ಬಿಸಿ ಏರಿದ್ರೆ, ತಡೆಯೋರಿಲ್ಲದಿದ್ರೆ ಸುಮಾರು 2.4 ಮೀಟರ್ ಉದ್ದ ಆಗುತ್ತೆ. ಅದನ್ನ ಅಲ್ಲಾಡದಂಗೆ ಹಿಡ್ಕೊಳ್ಳೋದು ಈ ಸಿಮೆಂಟೇ, ಅದಕ್ಕೇ ತಳದಿಂದ ಮೇಲಿನವರೆಗೂ ಎಲ್ಲೂ ಖಾಲಿ ಬಿಡದೆ ತುಂಬ್ತಾರೆ. ಎರಡು ಪೈಪ್ ನಡುವೆ ನೀರು ಸಿಕ್ಕಾಕ್ಕೊಂಡ್ರೆ ಅದು ಕಾದು ಹಿಗ್ಗಿ ಒಳಗಿನ ಪೈಪನ್ನೇ ಚಪ್ಪಟೆ ಮಾಡಿಬಿಡುತ್ತೆ. ಬಾವಿ ಶುರು ಮಾಡ್ದಾಗ, ನಿಲ್ಲಿಸ್ದಾಗ ಪೈಪ್ ಹಿಗ್ಗಿ ಕುಗ್ಗಿ ಎಳೆದಾಡುತ್ತೆ, ಆಗ ಸಿಮೆಂಟು ತೀರಾ ಗಡುಸಾಗಿ ಬಾಗೋ ಗುಣ ಇಲ್ದಿದ್ರೆ ಬಿರುಕು ಬಿಡುತ್ತೆ. ಹಾಗಾಗಿ ಕ್ಯೂಬ್ ಒಡೆದ ರಿಪೋರ್ಟ್ ಒಂದೇ ತಗೋಬೇಡಿ, ನಿಮ್ಮ ಬಾವಿಯ ತಾಪಮಾನದಲ್ಲೇ ತಿಂಗಳುಗಟ್ಟಲೆ ಇಟ್ಟು, ಕಾಯಿಸಿ ತಣಿಸಿ ಮಾಡಿದ ಟೆಸ್ಟಿನ ರಿಸಲ್ಟ್ ಕೇಳಿ, ಜೊತೆಗೆ ಪೈಪಿಗೆ ಎಷ್ಟು ಕಚ್ಕೊಂಡಿರುತ್ತೆ ಅನ್ನೋದನ್ನೂ.