ನಿದ್ದೆಯಲ್ಲಿ ಅಪ್ಪ ಒದೆಯುತ್ತಾರೆ, ಕೂಗುತ್ತಾರೆ. ನಿದ್ದೆ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದಾರೆ. ಬೆಳಗಿನ ಜಾವ ನಿದ್ದೆಯಲ್ಲೇ ಕೂಗುತ್ತಾರೆ, ಕೈಕಾಲು ಬೀಸುತ್ತಾರೆ. ಮೊನ್ನೆ ಅಮ್ಮನ ಕೆನ್ನೆಗೆ ಏಟು ಬಿತ್ತು. ಎಬ್ಬಿಸಿ ಕೇಳಿದರೆ 'ನಾಯಿ ಅಟ್ಟಿಸಿಕೊಂಡು ಬಂತು' ಅನ್ನುತ್ತಾರೆ. ಗಾಳಿ ಸೋಕಿದೆ ಎಂದು ಸೋದರತ್ತೆ ತಾಯತ ಕಟ್ಟಿಸಿದ್ದಾರೆ. ನಿದ್ದೆ ಮಾತ್ರೆ ಕೊಡಬಹುದಾ?

ಉತ್ತರ: ತಾಯತ ಇದ್ದರೆ ಇರಲಿ ಬಿಡಿ. ಆದರೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ನಿಮ್ಮ ತಂದೆಗೆ ನಿದ್ದೆ ಬರುತ್ತಿದೆ, ಅದರೊಳಗೆ ಎಡವಟ್ಟಾಗಿದೆ ಅಷ್ಟೆ.

ಕನಸು ಜಾಸ್ತಿ ಬೀಳುವ ಹೊತ್ತಿನ ನಿದ್ದೆಗೆ ರೆಮ್ ನಿದ್ದೆ ಎನ್ನುತ್ತೇವೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತಿರುತ್ತದೆ, ಕೈಕಾಲು ಮಾತ್ರ ಸುಮ್ಮನಿರುತ್ತವೆ. ಮಿದುಳಿನ ಬುಡದಲ್ಲಿರುವ ಕೆಲವು ನರಕೋಶಗಳು ಆಗ ಮೈಯ ಸ್ನಾಯುಗಳನ್ನು ಸಡಿಲಗೊಳಿಸಿ ಇಟ್ಟಿರುತ್ತವೆ. ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಗಂಟುಗಟ್ಟುತ್ತದೆ, ಈ ಜಾಗವನ್ನೂ ಅದು ಬಿಡುವುದಿಲ್ಲ. ಹಾಗಾಗಿ ಕನಸಿನಲ್ಲಿ ನಾಯಿಗೆ ಒದ್ದ ಕಾಲು ಹಾಸಿಗೆಯಲ್ಲೂ ಒದೆಯುತ್ತದೆ. ರೆಮ್ ನಿದ್ದೆ ಬೆಳಗಿನ ಜಾವಕ್ಕೇ ಜಾಸ್ತಿ, ಗಲಾಟೆಯೂ ಆಗಲೇ.

ಅಮೆರಿಕದ ಮಿನೆಸೋಟಾದ ವೈದ್ಯರು 1986ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿದರು. ಆಮೇಲೆ ಗೊತ್ತಾದದ್ದು ಇನ್ನೂ ವಿಚಿತ್ರ: ಎಷ್ಟೋ ಜನರಲ್ಲಿ ಪಾರ್ಕಿನ್ಸನ್‌ನ ಕೈ ನಡುಕ ಕಾಣಿಸಿಕೊಳ್ಳುವ ವರ್ಷಗಳ ಮೊದಲೇ ಈ ಒದೆತ ಶುರುವಾಗಿರುತ್ತದೆ. ನಿಮ್ಮ ಅಮ್ಮನನ್ನು ಕೇಳಿ ನೋಡಿ, 'ಹೌದಲ್ವಾ, ಮೊದಲಿಂದಲೂ ಇತ್ತು' ಅಂದರೂ ಅನ್ನಬಹುದು.

ಈಗ ಮಾಡಬೇಕಾದ್ದು. ಒಂದು ರಾತ್ರಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ನರರೋಗ ತಜ್ಞರಿಗೆ ತೋರಿಸಿ. ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿಯೂ ಜೊತೆಗಿರಲಿ, ಯಾಕೆಂದರೆ ಖಿನ್ನತೆಗೆ ಕೊಡುವ ಕೆಲವು ಮಾತ್ರೆ ಈ ತೊಂದರೆಯನ್ನು ಹೆಚ್ಚಿಸುತ್ತವೆ. ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವವರೂ ಹೀಗೇ ಕೈಕಾಲು ಬಡಿಯುವುದುಂಟು, ಅದು ಯಾವುದೆಂದು ತಿಳಿಯಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ತಲೆಗೆ, ಗಲ್ಲಕ್ಕೆ ವೈರು ಅಂಟಿಸಿ ಪರೀಕ್ಷೆ ಮಾಡುತ್ತಾರೆ. ಕನಸಿನ ಒದೆತವೇ ಎಂದು ಗೊತ್ತಾದರೆ ವೈದ್ಯರು ಮೆಲಟೋನಿನ್ (ನಿದ್ದೆಯ ಹಾರ್ಮೋನು) ಅಥವಾ ಸ್ವಲ್ಪ ಪ್ರಮಾಣದ ಕ್ಲೋನಾಜೆಪಾಮ್ (ಮಂಪರು ತರಿಸುವ ಮಾತ್ರೆ) ಕೊಡುವುದು ರೂಢಿ. ಎರಡನೆಯದರಿಂದ ವಯಸ್ಸಾದವರು ಮಂಪರಿನಲ್ಲಿ ಬೀಳಬಹುದು, ಉಸಿರು ಕಟ್ಟುವವರಿಗಂತೂ ಅಪಾಯ. ಪಾರ್ಕಿನ್ಸನ್ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಅಲ್ಲಿಯವರೆಗೆ ಅಮ್ಮ ಬೇರೆ ಮಂಚದಲ್ಲಿ ಮಲಗಲಿ. ಅಪ್ಪನ ಹಾಸಿಗೆ ತಗ್ಗಿನಲ್ಲಿರಲಿ, ಪಕ್ಕದ ಗಾಜಿನ ಲೋಟ, ಚೂಪು ಮೂಲೆಯ ಸ್ಟೂಲು ತೆಗೆಯಿರಿ. ಕೂಗಿದಾಗ ಹಿಡಿದು ಅಲ್ಲಾಡಿಸದೆ, ದೂರದಿಂದಲೇ ಹೆಸರು ಹಿಡಿದೋ ಸಂಬಂಧ ಹೇಳಿಯೋ ಕರೆಯಿರಿ. ಎಚ್ಚರವಿದ್ದಾಗಲೂ ಇಲ್ಲದ ನಾಯಿ ಕಾಣುತ್ತಿದೆ ಅಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ, ಅದು ಮಾತ್ರೆಗಳಿಂದಲೂ ಆಗಬಹುದು.