ಹಟ್‌ನಿಂದ ಹಟ್‌ಗೆ: ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ

ನಮಸ್ಕಾರ. ಮ್ಯೂನಿಕ್‌ಗೆ ಬಂದು ಮೂರು ತಿಂಗಳಾಯಿತು, ಊರಲ್ಲಿ ಕುಮಾರಪರ್ವತ, ಕುದುರೆಮುಖ ಹತ್ತಿದ್ದೇವೆ, ಆಲ್ಪ್ಸ್‌ನಲ್ಲಿ ಹಟ್‌ನಿಂದ ಹಟ್‌ಗೆ, ಅಂದರೆ ಊಟ, ಹಾಸಿಗೆ ಸಿಗುವ ಬೆಟ್ಟದ ತಂಗುಮನೆಗಳಲ್ಲಿ ರಾತ್ರಿ ಕಳೆಯುತ್ತ, ನಡೆಯುವುದು ಹೇಗೆ ಅಂತ ಕೇಳಿದ್ದೀರಿ. ಜೊತೆಗೆ ಇನ್ನೆರಡು ಪ್ರಶ್ನೆ: ಲಾಕ್‌ಡೌನ್‌ನಲ್ಲಿ ಇಲ್ಲಿಯವರು ಎಲ್ಲಿ ನಡೆಯುತ್ತಿದ್ದರು, ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದೇ. ಎಲ್ಲಕ್ಕೂ ಇಲ್ಲೇ ಉತ್ತರಿಸುತ್ತೇನೆ, ಯಾಕೆಂದರೆ ಅವು ಒಂದಕ್ಕೊಂದು ಹೊಂದಿಕೊಂಡಿವೆ.

ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರ ಕಾಲಿನ ಶಕ್ತಿಯ ಬಗ್ಗೆ ಅನುಮಾನ ಬೇಡ. ಒಂದೂವರೆ ಸಾವಿರ ಮೀಟರ್‌ಗೂ ಮೀರಿದ ಆ ಏರಿಕೆ ಇಲ್ಲಿನ ಒಂದು ದಿನದ ನಡಿಗೆಗಿಂತ ಬಹಳ ಸಲ ಹೆಚ್ಚೇ. ಹಟ್ ಎಂದರೇನು ಎಂಬುದೂ ನಿಮಗೆ ಗೊತ್ತಿದೆ: ದಾರಿಯಲ್ಲಿ ಭಟ್ಟರ ಮನೆಯ ಊಟ ಉಂಡವರಿಗೆ ಬೆಟ್ಟದ ನಡುವೆ ಬಿಸಿ ಅನ್ನ ಸಿಗುವುದರ ಬೆಲೆ ಹೇಳಬೇಕಾಗಿಲ್ಲ. ಇಲ್ಲಿ ಕಲಿಯಬೇಕಿರುವುದು ಗಡಿಯಾರದ ಲೆಕ್ಕ. ಮಧ್ಯಾಹ್ನ ಮೂರರೊಳಗೆ ಮುಂದಿನ ಹಟ್ ಮುಟ್ಟಬೇಕು, ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಕಾಲಿನಲ್ಲಿ ಮತ್ತೆ ಹೊರಡಬೇಕು. ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಕಟ್ಟುತ್ತದೆ. ಆ ಹೊತ್ತಿಗೆ ದಿಣ್ಣೆಯ ಮೇಲೆ ನಿಂತಿರಬಾರದು.

ಲೆಕ್ಕ ಹೀಗೆ. ಏರಿಕೆಗೆ ಗಂಟೆಗೆ 300 ಮೀಟರ್, ಇಳಿಕೆಗೆ ಗಂಟೆಗೆ 500 ಮೀಟರ್, ಸಮತಟ್ಟಿಗೆ ಗಂಟೆಗೆ 4 ಕಿ.ಮೀ. ಏರಿಳಿತದ ಸಮಯ ಒಂದು ಕಡೆ, ದೂರದ ಸಮಯ ಇನ್ನೊಂದು ಕಡೆ ಬರೆದುಕೊಳ್ಳಿ. ಯಾವುದು ದೊಡ್ಡದೋ ಅದನ್ನು ಪೂರ್ತಿ ಇಟ್ಟುಕೊಂಡು, ಚಿಕ್ಕದರ ಅರ್ಧವನ್ನು ಅದಕ್ಕೆ ಕೂಡಿಸಿ. ಉದಾಹರಣೆಗೆ 900 ಮೀಟರ್ ಏರಿಕೆ, 300 ಮೀಟರ್ ಇಳಿಕೆ, 10 ಕಿ.ಮೀ. ದೂರ ಎಂದುಕೊಳ್ಳಿ. ಏರಿಳಿತಕ್ಕೆ 3.6 ಗಂಟೆ, ದೂರಕ್ಕೆ 2.5 ಗಂಟೆ, 3.6ಕ್ಕೆ 1.25 ಕೂಡಿದರೆ ಹತ್ತಿರ ಹತ್ತಿರ 4 ಗಂಟೆ 50 ನಿಮಿಷ. ಇದು ಬರೀ ನಡಿಗೆ. ಕೂತದ್ದು, ತಿಂದದ್ದು, ಫೋಟೊ ತೆಗೆದದ್ದು ಬೇರೆ, ಅದಕ್ಕೆ ಇನ್ನೊಂದು ಗಂಟೆ ಸೇರಿಸಿ. ದಾರಿಯ ಹಳದಿ ಫಲಕಗಳ ಮೇಲಿನ ಸಮಯದಲ್ಲೂ ವಿಶ್ರಾಂತಿ ಸೇರಿರುವುದಿಲ್ಲ. ಹೊಸಬರು ಎಡವುವುದು ಇಲ್ಲೇ: ಫಲಕದಲ್ಲಿ ಐದು ಗಂಟೆ ಎಂದಿದ್ದರೆ ಹನ್ನೊಂದಕ್ಕೆ ಹೊರಟರೂ ಸಾಕು ಅಂದುಕೊಳ್ಳುತ್ತಾರೆ.

ಈ ಲೆಕ್ಕವನ್ನು ಕಲಿಯಬೇಕಾದ ಜಾಗ ಆಲ್ಪ್ಸ್ ಅಲ್ಲ, ಮನೆಯ ಸುತ್ತಮುತ್ತ. ಲಾಕ್‌ಡೌನ್‌ನ ಪ್ರಶ್ನೆ ಬರುವುದು ಇಲ್ಲಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ 2020ರ ಮಾರ್ಚ್ 21ರಿಂದ ಸರಿಯಾದ ಕಾರಣವಿಲ್ಲದೆ ಮನೆಯಿಂದ ಹೊರಬರುವಂತಿರಲಿಲ್ಲ. ಆದರೆ ಒಬ್ಬರೇ ಅಥವಾ ಮನೆಯವರ ಜೊತೆ ನಡೆಯುವುದು, ಓಡುವುದು ಆ ಕಾರಣಗಳಲ್ಲಿ ಒಂದಾಗಿತ್ತು. ಬೆಟ್ಟಕ್ಕೆ ಮಾತ್ರ ಬರಬೇಡಿ ಎಂದು ಪರ್ವತಾರೋಹಣ ಸಂಘ ಮತ್ತು ಬೆಟ್ಟದ ರಕ್ಷಣಾ ದಳದವರು ಕೇಳಿಕೊಂಡಿದ್ದರು, ಕಾಲು ಮುರಿದವರಿಂದ ಆಸ್ಪತ್ರೆಯ ಹಾಸಿಗೆ ತುಂಬಬಾರದು ಎಂದು. ಮೇ 30ರ ನಂತರ ಬವೇರಿಯಾದ ಹಟ್‌ಗಳಲ್ಲಿ ಮತ್ತೆ ರಾತ್ರಿ ತಂಗಬಹುದಾಯಿತು, ಜೂನ್ 15ಕ್ಕೆ ಆಸ್ಟ್ರಿಯಾದ ಗಡಿ ತೆರೆಯಿತು. ಆ ಬೇಸಿಗೆಯಲ್ಲಿ ಹಾಸಿಗೆಗಳ ಸಂಖ್ಯೆ ಇಳಿಸಿದ್ದರು, ಮುಂಚೆ ಕಾದಿರಿಸದವರಿಗೆ ಜಾಗವಿಲ್ಲ, ಸ್ಲೀಪಿಂಗ್ ಬ್ಯಾಗ್ ನಾವೇ ಹೊರಬೇಕಿತ್ತು. ಮತ್ತೆ ಡಿಸೆಂಬರ್ 16ರಿಂದ ಬಿಗಿ ಲಾಕ್‌ಡೌನ್, ರಾತ್ರಿ 9ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. 2021ರ ಜನವರಿಯಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳವರು ವಿಹಾರಕ್ಕೆಂದು ತಮ್ಮ ಊರಿನಿಂದ 15 ಕಿ.ಮೀ. ದಾಟುವಂತಿರಲಿಲ್ಲ. ಆ 15 ಕಿ.ಮೀ.ಯ ಎಲ್ಲೆ ಎಲ್ಲಿ ಮುಗಿಯುತ್ತದೆಂಬುದೇ ಸ್ಪಷ್ಟವಿಲ್ಲ ಎಂದು ಅದೇ ತಿಂಗಳು ಬವೇರಿಯಾದ ಆಡಳಿತ ನ್ಯಾಯಾಲಯ ಆ ನಿಯಮವನ್ನು ತಡೆಹಿಡಿಯಿತು.

ಆಗ ಜನ ನಡೆದ ದಾರಿಗಳು ಇವತ್ತೂ ನಿಮಗೆ ಒಳ್ಳೆಯ ಪಾಠಶಾಲೆ. ಸುಲಭದ್ದು ಈಸಾರ್ ನದಿ: ಥಾಲ್‌ಕಿರ್ಖೆನ್‌ನಿಂದ ದಕ್ಷಿಣಕ್ಕೆ ಒಂದು ದಂಡೆಯಲ್ಲಿ ಗ್ರ್ಯೂನ್‌ವಾಲ್ಡ್ ಸೇತುವೆವರೆಗೆ ಹೋಗಿ, ದಾಟಿ, ಇನ್ನೊಂದು ದಂಡೆಯಲ್ಲಿ ವಾಪಸ್. ಪಶ್ಚಿಮ ದಂಡೆಯ ಮೇಲ್ಗಡೆ ಎಸ್7 ರೈಲು ಓಡುವುದರಿಂದ ಸುಸ್ತಾದರೆ ಹೋಲ್‌ರೀಗೆಲ್ಸ್‌ಕ್ರೊಯ್ತ್‌ನಲ್ಲಿ ಹತ್ತಿ ಮನೆ ಸೇರಬಹುದು. ಏರಿಕೆಯ ಅಭ್ಯಾಸಕ್ಕೆ ಒಲಿಂಪಿಯಾಬೆರ್ಗ್. ಎರಡನೇ ಮಹಾಯುದ್ಧದ ಅವಶೇಷಗಳನ್ನು ಸುರಿದು ಮಾಡಿದ ಗುಡ್ಡ ಅದು, ಸುತ್ತಲಿನ ನೆಲಕ್ಕಿಂತ ಐವತ್ತು ಮೀಟರ್‌ಗೆ ತುಸು ಹೆಚ್ಚು ಎತ್ತರ. ಬೆನ್ನಿಗೆ 8 ಕಿಲೊ ಭಾರ ಹೊತ್ತು ಹತ್ತು ಸಲ ಹತ್ತಿಳಿದರೆ 500 ಮೀಟರ್ ಏರಿಕೆ, 500 ಮೀಟರ್ ಇಳಿಕೆ ಆಯಿತು. ಇಳಿಯುವಾಗ ಮಂಡಿಯ ಕಡೆ ಗಮನವಿಡಿ. ಏರುವಾಗ ಉಬ್ಬಸ ಬಂದರೆ ನಿಂತು ಸುಧಾರಿಸಿಕೊಳ್ಳಬಹುದು, ಮೂರನೇ ದಿನದ ಇಳಿಜಾರಿನಲ್ಲಿ ಮಂಡಿ ಊದಿಕೊಂಡರೆ ನಿಂತರೂ ಸರಿಹೋಗುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ತಾಲೀಮು ಶ್ಟಾರ್ನ್‌ಬೆರ್ಗ್‌ನಿಂದ ಆಂಡೆಕ್ಸ್ ಮೂಲಕ ಹೆರ್ಶಿಂಗ್. ಎಸ್6ರಲ್ಲಿ ಶ್ಟಾರ್ನ್‌ಬೆರ್ಗ್‌ಗೆ ಹೋಗಿ, ಮೈಸಿಂಗ್ ಕಮರಿಯೊಳಗೆ ತೊರೆಯ ಜೊತೆಗೆ ನಡೆದು, ಮೈಸಿಂಗ್ ಕೆರೆ ದಾಟಿ, ಹೊಲ ಕಾಡುಗಳ ನಡುವೆ ಆಂಡೆಕ್ಸ್ ಮಠ ಸೇರಬೇಕು. ಅಲ್ಲಿಂದ ಕೀನ್‌ಟಾಲ್ ಎಂಬ ಕಾಡಿನ ಕಣಿವೆಯಲ್ಲಿ ಸುಮಾರು 180 ಮೀಟರ್ ಇಳಿದರೆ ಹೆರ್ಶಿಂಗ್, ಎಸ್8ರ ಕೊನೆಯ ನಿಲ್ದಾಣ. ಒಟ್ಟು ಸುಮಾರು 20 ಕಿ.ಮೀ. ಶನಿವಾರ ಇದನ್ನು ಪೂರ್ತಿ ಭಾರ ಹೊತ್ತು ನಡೆಯಿರಿ, ಭಾನುವಾರ ಈಸಾರ್ ದಂಡೆಯಲ್ಲಿ ಇನ್ನೊಂದು ನಾಲ್ಕು ಗಂಟೆ. ಎರಡನೇ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಶೂ ಅಥವಾ ಕಾಲುಚೀಲ ಸರಿಯಿಲ್ಲ. ಅದು ಇಲ್ಲಿ ಗೊತ್ತಾದರೆ ರೈಲು ಹತ್ತಿ ಮನೆಗೆ ಬರಬಹುದು.

ಈಗ ಬೆಟ್ಟಕ್ಕೆ ಬರೋಣ. ಮೊದಲು ಜರ್ಮನ್ ಆಲ್ಪೈನ್ ಸಂಘದ, ಅಂದರೆ ಡಿಎವಿಯ, ಸದಸ್ಯರಾಗಿ. ಸದಸ್ಯರಲ್ಲದವರೂ ಹಟ್‌ಗಳಲ್ಲಿ ತಂಗಬಹುದು, ಆದರೆ ಸಾಮೂಹಿಕ ಮಲಗುವ ಕೋಣೆಯಲ್ಲಿ, ಇಲ್ಲಿ ಅದಕ್ಕೆ ಲಾಗರ್ ಅನ್ನುತ್ತಾರೆ, ಸದಸ್ಯರಿಗೆ ರಾತ್ರಿಗೆ ಕನಿಷ್ಠ 10 ಯೂರೊ ಉಳಿಯುತ್ತದೆ. ಹಣಕ್ಕಿಂತ ಮುಖ್ಯವಾದದ್ದು ಸದಸ್ಯತ್ವದ ಜೊತೆಗೇ ಬರುವ ವಿಮೆ: ಬೆಟ್ಟದಲ್ಲಿ ಹುಡುಕಾಟ ಮತ್ತು ರಕ್ಷಣೆಯ ಖರ್ಚನ್ನು 25,000 ಯೂರೊವರೆಗೆ ಭರಿಸುತ್ತದೆ. ಆಸ್ಟ್ರಿಯಾದಲ್ಲಿ ಹೆಲಿಕಾಪ್ಟರ್ ಬಂದರೆ ಬಿಲ್ಲು ಸಾವಿರಾರು ಯೂರೊ, ನಿಮ್ಮ ಆರೋಗ್ಯ ವಿಮೆ ಅದನ್ನೆಲ್ಲ ಕೊಡುತ್ತದೆಂದು ನಂಬಿ ಕೂರಬೇಡಿ. ಸದಸ್ಯತ್ವ ಕ್ಯಾಲೆಂಡರ್ ವರ್ಷಕ್ಕೆ, ತಾನಾಗಿಯೇ ಮುಂದುವರಿಯುತ್ತದೆ. ಬೇಡವಾದರೆ ಸೆಪ್ಟೆಂಬರ್ 30ರೊಳಗೆ ಬರೆದು ತಿಳಿಸಬೇಕು.

ಮೊದಲ ಸಲಕ್ಕೆ ಓಬರ್ಸ್ಟ್‌ಡೋರ್ಫ್‌ನಿಂದ ಮೆರಾನ್‌ವರೆಗೆ ಆಲ್ಪ್ಸ್ ದಾಟುವ ಇ5 ಎಂಬ ದಾರಿಯನ್ನೇ ಎಲ್ಲರೂ ಹೇಳುತ್ತಾರೆ. ಅದು ಚೆನ್ನಾಗಿದೆ, ಆದರೆ 3,000 ಮೀಟರ್‌ವರೆಗೆ ಏರುತ್ತದೆ, ಕಿಕ್ಕಿರಿದಿರುತ್ತದೆ, ಒಂದು ಹಟ್‌ನಲ್ಲಿ ಜಾಗ ತಪ್ಪಿದರೆ ಇಡೀ ಸರಪಳಿ ಕಡಿಯುತ್ತದೆ. ಕಾರ್ವೆಂಡೆಲ್ ಎಂಬ ಬೆಟ್ಟಸಾಲನ್ನು ದಾಟುವ ನಾಲ್ಕು ದಿನದ ದಾರಿ ಮೊದಲಿಗೆ ಹೆಚ್ಚು ಸರಿ. ಮ್ಯೂನಿಕ್‌ನಿಂದ ಮಿಟ್ಟನ್‌ವಾಲ್ಡ್ ದಾಟಿ ಹೋಗುವ ರೈಲಿನಲ್ಲಿ ಶಾರ್ನಿಟ್ಸ್‌ನಲ್ಲಿ (964 ಮೀ.) ಇಳಿಯಿರಿ. ಮೊದಲ ದಿನ ಕಾರ್ವೆಂಡೆಲ್ ಕಣಿವೆಯೊಳಗೆ ಸುಮಾರು 18 ಕಿ.ಮೀ. ನಡೆದು ಕಾರ್ವೆಂಡೆಲ್‌ಹೌಸ್ ಹಟ್ (1,771 ಮೀ.). ಮೇಲಿನ ಸೂತ್ರದ ಪ್ರಕಾರ ಆರು ಗಂಟೆಗೆ ಸ್ವಲ್ಪ ಕಡಿಮೆ. ದಾರಿ ಗಾಡಿ ರಸ್ತೆಯಷ್ಟು ಅಗಲ, ಹಿಂದಿನಿಂದ ಸೈಕಲ್‌ಗಳು ಬರುತ್ತಿರುತ್ತವೆ. ಎರಡನೇ ದಿನ ಚಿಕ್ಕದು: ಹೋಖ್‌ಆಲ್ಮ್ ದಿಣ್ಣೆ (1,803 ಮೀ.) ಹತ್ತಿ, ಕ್ಲೈನರ್ ಆಹೋರ್ನ್‌ಬೋಡನ್‌ಗೆ (1,399 ಮೀ.) ಇಳಿದು, ಮತ್ತೆ ಏರಿ ಫಾಲ್ಕನ್‌ಹ್ಯುಟ್ಟೆ (1,848 ಮೀ.). ಹಟ್‌ನ ಎದುರಿಗೇ ಲಾಲಿಡರ್ ಬಂಡೆಗೋಡೆ ನೆಟ್ಟಗೆ ನಿಂತಿದೆ, ಸಂಜೆ ಬೇಗ ತಲುಪಿ ಅದನ್ನು ನೋಡುತ್ತ ಕೂರುವುದಕ್ಕೇ ಈ ದಿನ ಚಿಕ್ಕದಿದ್ದರೆ ಒಳ್ಳೆಯದು.

ಮೂರನೇ ದಿನವೇ ಪರೀಕ್ಷೆ. ಗೋಡೆಯ ಬುಡದ ಜಲ್ಲಿ ರಾಶಿಯನ್ನು ದಾಟಿ ಹೋಲ್‌ಯೋಖ್ ದಿಣ್ಣೆಗೆ (1,794 ಮೀ.) ಹೋಗಿ, ಕಣಿವೆಯಲ್ಲಿರುವ ಎಂಗ್‌ವರೆಗೆ ಸುಮಾರು 600 ಮೀಟರ್ ಇಳಿದು, ಬಿನ್ಸ್‌ಆಲ್ಮ್ (1,502 ಮೀ.) ಮೂಲಕ ಮತ್ತೆ 700 ಮೀಟರ್‌ಗೂ ಹೆಚ್ಚು ಹತ್ತಬೇಕು ಲಾಮ್ಸನ್‌ಯೋಖ್‌ಹ್ಯುಟ್ಟೆ ಹಟ್‌ಗೆ (1,953 ಮೀ.). ಐದೂವರೆ ಗಂಟೆ ನಡಿಗೆ. ಜಲ್ಲಿಯ ಮೇಲೆ ನಿಂತು ಫೋಟೊ ತೆಗೆಯಬೇಡಿ, ಮೇಲಿಂದ ಕಲ್ಲು ಉದುರುವ ಜಾಗ ಅದು. ಎಂಗ್‌ನಲ್ಲಿ ಹವಾಮಾನ ಕೆಟ್ಟಿದ್ದರೆ ಅಲ್ಲೇ ನಿಲ್ಲಿಸಿ: ಬೇಸಿಗೆಯಲ್ಲಿ ಅಲ್ಲಿಂದ ಲೆಂಗ್‌ಗ್ರೀಸ್‌ಗೆ ಬಸ್ಸಿದೆ. ಈ ದಾರಿಯನ್ನು ಮೊದಲಿಗೆ ಹೇಳುತ್ತಿರುವುದು ನಡುವೆ ಹೀಗೊಂದು ಬಾಗಿಲು ತೆರೆದಿರುವುದರಿಂದಲೇ. ನಾಲ್ಕನೇ ದಿನ ಗ್ರಾಮಾಯ್‌ಆಲ್ಮ್‌ಗೆ ಇಳಿದು, ಸಮತಟ್ಟು ಕಣಿವೆಯಲ್ಲಿ ಆಖನ್‌ಸೇ ಸರೋವರದ ದಂಡೆಯ ಪೆರ್ಟಿಸೌ. ಬಸ್ಸಿನಲ್ಲಿ ಯೆನ್‌ಬಾಖ್, ಅಲ್ಲಿಂದ ಕೂಫ್‌ಸ್ಟೈನ್ ಮೂಲಕ ರೈಲಿನಲ್ಲಿ ಮ್ಯೂನಿಕ್.

ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ. ಜೂನ್‌ನಲ್ಲಿ ಉತ್ತರಮುಖದ ಕೊರಕಲುಗಳಲ್ಲಿ ಹಳೆಯ ಹಿಮ ಗಟ್ಟಿಯಾಗಿ ಕೂತಿರುತ್ತದೆ. ನೋಡಲು ಮೂರು ಹೆಜ್ಜೆಯಷ್ಟೇ ಅನಿಸುತ್ತದೆ, ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹಾಸಿಗೆಯನ್ನು ತಿಂಗಳುಗಳ ಮುಂಚೆ ಆನ್‌ಲೈನ್‌ನಲ್ಲಿ ಕಾದಿರಿಸಿ, ಶನಿವಾರ ರಾತ್ರಿ ತಪ್ಪಿಸಿ ಭಾನುವಾರ ಹೊರಟರೆ ಜಾಗ ಸುಲಭ. ಹೋಗಲಾಗದಿದ್ದರೆ ದಯವಿಟ್ಟು ರದ್ದು ಮಾಡಿ. ಬಾರದವರಿಗಾಗಿ ಹಟ್‌ನವರು ಅಡಿಗೆ ಮಾಡಿಟ್ಟು ಕಾಯುತ್ತಾರೆ, ಇನ್ನೂ ತಡವಾದರೆ ದಾರಿಯಲ್ಲಿ ಏನೋ ಆಗಿದೆಯೆಂದು ಹುಡುಕಾಟವೂ ಶುರುವಾಗಬಹುದು. ಹಟ್‌ನ ಪುಸ್ತಕದಲ್ಲಿ ಹೆಸರಿನ ಜೊತೆ ನಾಳೆ ಎಲ್ಲಿಗೆ ಎಂದು ಬರೆಯುವುದೂ ಅದಕ್ಕೇ.

ಚೀಲ 35 ಲೀಟರಿನದು ಸಾಕು, ನೀರು ಸೇರಿ 8 ಕಿಲೊ ಮೀರಬಾರದು. ಹಟ್‌ನಲ್ಲಿ ಕಂಬಳಿ ಕೊಡುತ್ತಾರೆ, ಒಳಗೆ ಮಲಗಲು ತೆಳು ಬಟ್ಟೆಯ ಚೀಲ ಮಾತ್ರ ನಿಮ್ಮದಿರಲೇಬೇಕು. ಅಂಗಡಿಯ ರೇಷ್ಮೆಯದು ಹಗುರ, ಹತ್ತಿಯ ಹಾಸನ್ನು ಉದ್ದಕ್ಕೆ ಮಡಚಿ ಎರಡು ಕಡೆ ಹೊಲಿಸಿದರೂ ನಡೆಯುತ್ತದೆ. ಆಗಸ್ಟ್‌ನಲ್ಲೂ ಟೋಪಿ, ಕೈಗವಸು, ಮಳೆ ಜಾಕೆಟ್ ಬೇಕು, 2,000 ಮೀಟರ್‌ನಲ್ಲಿ ಆಗಲೂ ಹಿಮ ಬೀಳುವುದುಂಟು. ಕಾರ್ವೆಂಡೆಲ್ ಸುಣ್ಣಕಲ್ಲಿನ ಬೆಟ್ಟ, ಮೇಲೆ ಬಿದ್ದ ನೀರೆಲ್ಲ ಒಳಗೆ ಇಳಿದುಹೋಗುತ್ತದೆ, ಆದ್ದರಿಂದ ಪ್ರತಿ ಹಟ್‌ನಲ್ಲೂ ತಲೆಗೆ ಒಂದೂವರೆ ಲೀಟರ್ ತುಂಬಿಕೊಂಡೇ ಹೊರಡಿ. ನಗದು ಇಟ್ಟುಕೊಳ್ಳಿ, ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ. ಬೆಳಿಗ್ಗೆ ಬೇಗ ಏಳುವವರು ಚೀಲವನ್ನು ರಾತ್ರಿಯೇ ಕಟ್ಟಿಡಬೇಕು, ಐದು ಗಂಟೆಗೆ ಪ್ಲಾಸ್ಟಿಕ್ ಕವರ್ ಸದ್ದು ಮಾಡಿ ಇಪ್ಪತ್ತು ಜನರನ್ನು ಎಬ್ಬಿಸಬಾರದು.

ಸಸ್ಯಾಹಾರಿಗಳಿಗೆ ಎಚ್ಚರಿಕೆಯ ಮಾತು: ಚೀಸ್ ಹಾಕಿದ ನೂಡಲ್ಸ್‌ನಂಥ ಕೇಸೆಶ್ಪೆಟ್ಸ್ಲೆ, ಚೂರು ಮಾಡಿದ ಸಿಹಿ ಪ್ಯಾನ್‌ಕೇಕ್ ಕೈಸರ್‌ಶ್ಮಾರ್ನ್ (ಅದರಲ್ಲಿ ಮೊಟ್ಟೆಯಿದೆ, ಶ್ಪೆಟ್ಸ್ಲೆಯಲ್ಲೂ) ಎಲ್ಲ ಕಡೆ ಸಿಗುತ್ತವೆ. ಆದರೆ ಚೀಸ್ ಉಂಡೆ ತೇಲುವ ಸೂಪಿನ ಸಾರು ಬಹಳ ಸಲ ದನದ ಮಾಂಸದ್ದು, ಹುರಿದ ಆಲೂಗಡ್ಡೆಯಲ್ಲಿ ಹಂದಿಯ ಕೊಬ್ಬಿನ ಚೂರು ಇರುತ್ತದೆ. ‘ಓನೆ ಶ್ಪೆಕ್’, ಅಂದರೆ ಹಂದಿ ಕೊಬ್ಬು ಬೇಡ, ಅನ್ನಿ, ಸಾರಿನ ಬಗ್ಗೆ ಬೇರೆಯಾಗಿ ಕೇಳಿ, ಹಾಸಿಗೆ ಕಾದಿರಿಸುವಾಗಲೇ ಬರೆದುಬಿಟ್ಟರೆ ಇನ್ನೂ ಒಳ್ಳೆಯದು. ಪುಟ್ಟ ಡಬ್ಬಿಯಲ್ಲಿ ಚಟ್ನಿಪುಡಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ ಒಯ್ಯಿರಿ. ಬಿಸಿನೀರು ಕೊಂಡು ಹಾಕಿದರೆ ಮಧ್ಯಾಹ್ನದ ಹೊಟ್ಟೆಗೆ ಅಷ್ಟು ಸಾಕು.

ದಾರಿಯ ಬಣ್ಣ: ಕೆಂಪು ಚುಕ್ಕೆ ಎಂದರೆ ಕಿರಿದಾದ, ಕಡಿದಾದ ದಾರಿ; ಕಪ್ಪು ಎಂದರೆ ಬೀಳುವ ಭಯವಿರುವ ಜಾಗ, ಮೊದಲ ವರ್ಷ ಬೇಡ. ಕರು ಜೊತೆಗಿರುವ ಹಸುಗಳ ಹಿಂಡನ್ನು ದೂರದಿಂದ ಬಳಸಿ ಹೋಗಿ. ನಮ್ಮೂರ ಹಸುವಿನಂತೆ ಬೆನ್ನು ಸವರಲು ಹೋಗಬೇಡಿ, ಕರುವಿಗಾಗಿ ಹಾಯುತ್ತವೆ. ಕಣಿವೆಯೊಳಗೆ ಸಿಗ್ನಲ್ ಇರದ ಜಾಗಗಳಿವೆ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣೆಗೆ 140, ಎಲ್ಲ ಕಡೆ 112. ಫೋನ್ ಇಲ್ಲದಿದ್ದರೆ ಸೀಟಿಯೋ ಟಾರ್ಚೋ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ನಿಮ್ಮನ್ನು ಕಂಡಿದ್ದಾರೆ ಎಂದರ್ಥ. ಗಡಿ ದಾಟುವುದರಿಂದ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಎರಡೂ ಜೊತೆಗಿರಲಿ.

ಮಗಳ ವಿಷಯ. ಕರೆದುಕೊಂಡು ಹೋಗಿ, ಆದರೆ ಈ ನಾಲ್ಕು ದಿನದ ದಾರಿಗಲ್ಲ, ಮೊದಲ ದಿನದ 18 ಕಿ.ಮೀ. ಏಳು ವರ್ಷದ ಮಗುವಿಗೆ ಸಲ್ಲದು. ಲೆಂಗ್‌ಗ್ರೀಸ್‌ನಿಂದ ಬಸ್ಸಿನಲ್ಲಿ ಎಂಗ್‌ಗೆ ಹೋಗಿ, ಒಂದು ಗಂಟೆ ಹತ್ತಿ ಬಿನ್ಸ್‌ಆಲ್ಮ್‌ನಲ್ಲಿ ರಾತ್ರಿ ತಂಗಿ. ಮರುದಿನ ಅವಳಿಗೆ ಉತ್ಸಾಹವಿದ್ದರೆ ಲಾಮ್ಸನ್‌ಯೋಖ್‌ವರೆಗೆ ಹತ್ತಿ ಅದೇ ದಾರಿಯಲ್ಲಿ ಇಳಿಯಬಹುದು, ಇಲ್ಲದಿದ್ದರೆ ಎಂಗ್‌ನ ಮೇಪಲ್ ಮರಗಳ ಬಯಲಿನಲ್ಲಿ ಆಡಿಕೊಂಡು ಸಂಜೆಯ ಬಸ್ಸು ಹಿಡಿಯಬಹುದು. ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಇಳಿದ ತಕ್ಷಣ ನಿಲ್ದಾಣದ ಫಲಕದಲ್ಲಿ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.